ತೊಳೆದ ನಾಣ್ಯಗಳ ಗಿರಾಕಿ

ಮೊದಲ ಏಟು ಮಾರೇಶನ ದವಡೆಗೆ ಬಿತ್ತು. ಒಳ್ಳೆಯ ಏಟು, ಅಂದುಕೊಂಡ ಮಾರೇಶ. ಎರಡನೆಯದು ಹೊಟ್ಟೆಗೆ. ಅದು ಇನ್ನೂ ಚೆನ್ನಾಗಿತ್ತು.

ಕುರುಗೋಡಿನ ಆ ಮನೆಯ ಪಡಸಾಲೆಯಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡ ಇಬ್ಬರು ನಿಂತಿದ್ದರು. ಮಚ್ಚು ಹಿಡಿದವನು ಕೇಳುತ್ತಿದ್ದ. ಬಾಯಿಬಿಡದ ಇನ್ನೊಬ್ಬ ಹೊಡೆಯುತ್ತಿದ್ದ. ಮೂಲೆಯ ಕುರ್ಚಿಯ ಹಿಂದೆ, ಬಳ್ಳಾರಿಯ ಗಾಂಧಿನಗರದಿಂದ ಬಂದಿದ್ದ ಹಳೇ ನಾಣ್ಯದ ವ್ಯಾಪಾರಿ ವಿರೂಪಾಕ್ಷಪ್ಪ ಚೀಲವನ್ನು ಎದೆಗವಚಿಕೊಂಡು ಕುಕ್ಕರಿಸಿದ್ದ. ಮಾರೇಶನ ಹೆಂಡತಿ ದುರ್ಗಾದೇವಿಯನ್ನು ಅಡುಗೆಮನೆಗೆ ದಬ್ಬಿ ಚಿಲಕ ಹಾಕಿದ್ದರು. ಅವಳು ಒಳಗಿಂದ ಬಾಗಿಲು ಬಡಿಯುತ್ತ ಚೀರುತ್ತಿದ್ದಳು.

"ನಾಣ್ಯದ ಪೆಟ್ಟಿಗಿ ಎಲ್ಲೈತಿ?"

"ನಿಮ್ಮಪ್ಪನ ಮನಿಯಾಗ," ಅಂದ ಮಾರೇಶ.

ಈ ಸಲ ಬಾಯಿಗೇ ಬಿತ್ತು. ಹಲ್ಲೊಂದು ರಕ್ತದ ಜೊತೆ ಅಂಗೈಗೆ ಬಂತು. ದನಿ ಗುರುತು ಸಿಗಬಾರದೆಂದು ಗೆಳೆಯನನ್ನು ಮಾತಿಗೆ ಬಿಟ್ಟಿದ್ದಾನೆ ಪರಶು. ಹುಡುಗ ಜಾಣ.

ಪರಶು ಅಂದರೆ ದುರ್ಗಾದೇವಿಯ ತಮ್ಮ, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ. ಇಂಥದೊಂದು ದಾಳಿಯ ಆಟವನ್ನು ಭಾವ, ಬಾಮೈದ ಇಬ್ಬರೂ ಕೂಡಿ ಕಟ್ಟಿದ್ದರು.

ಮಾರೇಶನ ಅಪ್ಪ ಪಕ್ಕೀರಪ್ಪ ಬಸ್ ನಿಲ್ದಾಣದ ಎದುರು ಚಹಾ ಮಾರುತ್ತ ಜೀವಮಾನವಿಡೀ ನಾಣ್ಯ ಕೂಡಿಸಿದ್ದ. ಒಂದು ಟ್ರಂಕ್ ತುಂಬ. ಅವನು ಸತ್ತ ಮೇಲೆ ಅದನ್ನು ಮಾರುವ ದಾರಿ ಯಾವುದೆಂದು ಮಾರೇಶ ಕೇಳದವರಿಲ್ಲ. ಕೌಲ್ ಬಜಾರಿನ ಬೆಳ್ಳಿ ಅಂಗಡಿಯಲ್ಲಿ ಕೇಳಿದ, ಆಟೋದವರನ್ನು ಕೇಳಿದ, ಕ್ಷೌರಕ್ಕೆ ಕೂತಲ್ಲಿ ಕೇಳಿದ, ಫೋಟೋ ತೆಗೆದು ಸಿಕ್ಕ ವಾಟ್ಸಾಪ್ ಗುಂಪಿಗೆಲ್ಲ ಹಾಕಿದ. ಬಿಡಿಬಿಡಿಯಾಗಿ ಮಾರು ಅಂದರು ಕೆಲವರು. ಬೆಂಗಳೂರಿನ ಹರಾಜಿಗೆ ಕಳಿಸು ಅಂದರು ಇನ್ನು ಕೆಲವರು. ನೋಡಲು ಅಂತ ಬಂದವನು ವಿರೂಪಾಕ್ಷಪ್ಪ ಒಬ್ಬನೇ. ಅವನೂ ಕನ್ನಡಕ ಏರಿಸಿ ನೋಡಿ ನಕ್ಕಿದ್ದ.

"ಇವನ್ನ ತೊಳದೀರೇನು?"

"ಪ್ರತಿ ದೀಪಾವಳಿಗೆ ಲಕ್ಷ್ಮೀ ಪೂಜಿಗೆ ಇಡ್ತಿದ್ವಿ. ನಮ್ಮವ್ವ ಹುಣಸಿಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡ್ತಿದ್ಲು."

"ನಿಮ್ಮವ್ವ ಲಕ್ಷ್ಮೀನ್ನ ತಿಕ್ಕಿ ತಿಕ್ಕಿ ಹೊರಗ ಹಾಕ್ಯಾಳ ನೋಡ್ರಿ. ಹಳೇ ನಾಣ್ಯಕ್ಕ ಮೈಮ್ಯಾಲಿನ ಕಪ್ಪೇ ಬೆಲಿ. ತೊಳದದ್ದು ಸುಲದಿಟ್ಟ ಬಾಳಿಹಣ್ಣು ಇದ್ದಂಗ, ಯಾರು ಕೊಳ್ತಾರ? ತೂಕಕ್ಕ ಕೊಡ್ರಿ."

ತೂಕಕ್ಕೆ ಕೊಟ್ಟರೆ ಕೌಲ್ ಬಜಾರಿನ ಶೆಡ್ ಕೈತಪ್ಪುತ್ತಿತ್ತು. ದುರ್ಗಾದೇವಿ ಹರೆಯವನ್ನೆಲ್ಲ ಪರರ ಯಂತ್ರದ ಮುಂದೆ ಜೀನ್ಸ್ ಹೊಲಿಯುತ್ತ ಕಳೆದವಳು. ಆ ಶೆಡ್ಡಿನಲ್ಲಿ ಅವಳದೇ ಯಂತ್ರಗಳು ನಿಲ್ಲಬೇಕಿತ್ತು. ಈ ವಾರ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಅಂತ ಮಾಲೀಕ ಖಂಡಿತವಾಗಿ ಹೇಳಿದ್ದ.

ಆಗ ಹೊಳೆದದ್ದು ಈ ಉಪಾಯ. ಕಳ್ಳರು ಕೊಲ್ಲಲು ಬರುವಂಥ ಮಾಲಿಗೆ ಯಾವ ವ್ಯಾಪಾರಿಯೂ ತೂಕದ ಬೆಲೆ ಹೇಳುವುದಿಲ್ಲ. ವಿರೂಪಾಕ್ಷಪ್ಪ ಎರಡನೇ ಸಲ ಬಂದಾಗ ಪರಶು ಗೆಳೆಯನೊಬ್ಬನನ್ನು ಕರೆದುಕೊಂಡು ಮುಸುಕು ಹಾಕಿ ನುಗ್ಗಬೇಕು, ಹೊಡೆಯಬೇಕು, ಬರಿಗೈಯಲ್ಲಿ ಓಡಬೇಕು.

"ನಾಟಕ ಅನ್ನಿಸಬಾರದಲೇ," ಎಂದಿದ್ದ ಮಾರೇಶ. "ನಾಕು ಹನಿ ರಕ್ತ ಬಂದ್ರೂ ಚಿಂತಿಲ್ಲ."

"ನಿಮಗ ಹೊಡಿಯಾಕ ಹೇಳಿಸ್ಕೊಬೇಕೇನು ಭಾವ? ಮದುವಿ ದಿನದಿಂದ ಕಾಯಾಕತ್ತೀನಿ. ಅಕ್ಕಗ ಹೇಳೀರೇನು?"

"ಆಕಿಗೆ ಬ್ಯಾಡ. ಆಕಿ ಮುಖದಾಗ ಸುಳ್ಳು ನಿಲ್ಲಂಗಿಲ್ಲ."

ಈಗ ಆ ಬಾಯಿಬಿಡದವನು ಮಾರೇಶನ ಎಡಗೈಯನ್ನು ಹೊಸ್ತಿಲ ಮೇಲೆ ತುಳಿದು ಹಿಡಿದ. ಗೆಳೆಯನಿಂದ ಮಚ್ಚು ಕಸಿದು ಅದರ ಹಿಂಬದಿಯಿಂದ ಬಾರಿಸಿದ. ಎಲುಬು ಮುರಿದ ಸದ್ದು ಕುರ್ಚಿಯ ಹಿಂದಿದ್ದವನಿಗೂ ಕೇಳಿಸಿತು.

ಮಾರೇಶನಿಗೆ ಕಣ್ಣು ಕತ್ತಲಿಟ್ಟಿತು. ಪರಶು ನಿಜಕ್ಕೂ ಮದುವೆ ದಿನದ ಸಿಟ್ಟು ತೀರಿಸಿಕೊಳ್ಳುತ್ತಿದ್ದಾನೆ. ಆದರೂ ಅಗಲವಾಗುತ್ತಿದ್ದ ವ್ಯಾಪಾರಿಯ ಕಣ್ಣು ಕಂಡು, ರಕ್ತ ತುಂಬಿದ ಬಾಯಲ್ಲೇ ನಕ್ಕ.

"ಇಷ್ಟೇ ಏನಲೇ ನಿನ್ನ ಕೈಲೆ ಆಗೂದು?"

ಮುಸುಕಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಹೊಡೆತಕ್ಕೆ ನಗುವವನನ್ನು ಅವರು ಕಂಡಂತಿರಲಿಲ್ಲ. ಬೀದಿಯಲ್ಲಿ ಯಾರದೋ ಜೀಪೊಂದು ನಿಂತ ಸದ್ದಾಯಿತು. ಪೊಲೀಸರೆಂದು ಬೆದರಿ, ಪಕ್ಕೆಗೆ ಇನ್ನೊಂದು ಒದ್ದು ಇಬ್ಬರೂ ಹಿತ್ತಲ ಬಾಗಿಲಿಂದ ಓಡಿದರು.

ವಿರೂಪಾಕ್ಷಪ್ಪ ಅಡುಗೆಮನೆಯ ಚಿಲಕ ತೆಗೆದ. ದುರ್ಗಾದೇವಿ ಓಡಿಬಂದು ಸೆರಗು ಹರಿದು ಗಂಡನ ಮಣಿಕಟ್ಟಿಗೆ ಕಟ್ಟಿದಳು.

"ಜೀವಕ್ಕಿಂತ ಹೆಚ್ಚೇನ್ರಿ ಆ ಚಿಲ್ಲರಿ? ಕೊಟ್ಟು ಕಳಸೂದು ಬಿಟ್ಟು ನಕ್ಕೋತ ಕುಂತೀರಲ್ಲ."

ವಿರೂಪಾಕ್ಷಪ್ಪ ಬೆವರು ಒರೆಸಿಕೊಂಡ. ತಲೆ ಆಗಲೇ ವ್ಯಾಪಾರಕ್ಕೆ ಹೊರಳಿತ್ತು.

"ತಮ್ಮಾ, ತೊಳದ ನಾಣ್ಯಕ್ಕ ಯಾರೂ ಎಲುಬು ಮುರಿಯಂಗಿಲ್ಲ. ಅದರಾಗ ನನ್ನ ಕಣ್ಣಿಗೆ ಬೀಳದ್ದು ಏನೋ ಐತಿ. ಮೊದಲು ಹೇಳಿದ ಬೆಲಿಯ ನಾಕು ಪಟ್ಟು ಕೊಡ್ತೀನಿ. ಪೆಟ್ಟಿಗಿ ಈಗಲೇ ನನ್ನ ಗಾಡಿಗೆ ಏರಬೇಕು."

ಚೀಲದಿಂದ ನೋಟಿನ ಕಟ್ಟುಗಳನ್ನು ತೆಗೆದು ಚಾಪೆಯ ಮೇಲಿಡತೊಡಗಿದ. ಮಾರೇಶನಿಗೆ ನೋವು ಮರೆತೇಹೋಯಿತು. ಶೆಡ್ ಬಂದಂತೆಯೇ.

ಹಿತ್ತಲ ಬಾಗಿಲು ಕಿರುಗುಟ್ಟಿತು. ಟವೆಲ್ ಮುಸುಕಿನವನೊಬ್ಬ ಒಳಗೆ ಕಾಲಿಟ್ಟ. ಈ ಸಲ ಒಬ್ಬನೇ.

ಹುಚ್ಚ ಪರಶು, ಮತ್ತೆ ಯಾಕೆ ಬಂದ? ಮಾರೇಶ ಕಣ್ಣಲ್ಲೇ ಹೋಗು ಅಂದ. ಅಷ್ಟರಲ್ಲಿ ದುರ್ಗಾದೇವಿ ಎದ್ದಿದ್ದಳು. ಖಾರ ಕುಟ್ಟುವ ಕಬ್ಬಿಣದ ಹಾರೆ ಅವಳ ಕೈಗೆ ಸಿಕ್ಕಿತ್ತು.

ಹೆಸರು ಹಿಡಿದು ಕೂಗಿದರೆ ಅವಳ ಕೈ ನಿಲ್ಲುತ್ತಿತ್ತು. ಆದರೆ ನೋಟಿನ ಕಟ್ಟುಗಳೂ ಚೀಲಕ್ಕೆ ಮರಳುತ್ತಿದ್ದವು. ಮಾರೇಶ ಬಾಯಿ ತೆರೆದ. ವಿರೂಪಾಕ್ಷಪ್ಪನ ಬೆರಳುಗಳನ್ನು ನೋಡಿದ. ಮುಚ್ಚಿದ. ನನ್ನ ಕೈ ಮುರಿದವನಿಗೆ ಅಕ್ಕನದೂ ಒಂದು ಬೀಳಲಿ.

ಒಂದಲ್ಲ, ಎರಡು ಬಿದ್ದವು. ಎರಡನೆಯದು ನೆತ್ತಿಗೆ. ಅವನು ಗೋಡೆಗೊರಗಿ ಕುಸಿದ. ಟವೆಲ್ ಒದ್ದೆಯಾಗಿ ಮುಖಕ್ಕೆ ಅಂಟಿತು. ಅವಳು ಮೂರನೆಯ ಸಲ ಹಾರೆ ಎತ್ತಿದಳು.

"ಬ್ಯಾಡಕ್ಕಾ, ನಾನು," ಅಂದಿತು ಟವೆಲಿನೊಳಗಿನ ದನಿ. "ಭಾವ, ಗೆಳ್ಯಾ ಕೈಕೊಟ್ಟ, ಸಿರುಗುಪ್ಪದಾಗ ಬಸ್ ಕೆಟ್ಟು ನಿಂತಿತ್ತು... ಈಗ ಇಳದು ಬರಾಕತ್ತೀನಿ."