ಒಳಗಿನಿಂದ

ತಂತಿ ತೂರಿಸಲು ಹೋದ ಬೀಗ ರಿಪೇರಿಯವನು ತಟ್ಟನೆ ಕೈ ಹಿಂದೆಗೆದ. "ಬೀಗ ಕೆಟ್ಟಿಲ್ಲ ಅಕ್ಕಾ. ಕಣಜದ ಹುಳ ತೂತಿಗೆ ಮಣ್ಣು ಮೆತ್ತಿ ಗೂಡು ಕಟ್ಟಿದೆ. ಮರಿ ಒಳಗಿಂದ ಕೆರೀತಿದೆ. ಕಿತ್ತು ಹಾಕ್ಲಾ?"

"ತಡಿಯಪ್ಪ."

ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ತೀರಿಕೊಂಡ ದಿನ ಅವನ ಕೋಣೆಗೆ ಆಕೆಯೇ ಹಾಕಿದ ಬೀಗ ಅದು. ವರ್ಷದ ಮೇಲೆ ಧೈರ್ಯ ಮಾಡಿ ಬಂದರೆ ಕೀಲಿ ಒಳಗೆ ಹೋಗಿರಲಿಲ್ಲ. ಆಕೆ ಬಾಗಿಲಿಗೆ ಕಿವಿಯಿಟ್ಟಳು. ಗಡಿಯಾರಗಳೆಲ್ಲ ನಿಂತುಹೋದ ಆ ಕೋಣೆಯ ಅಂಚಿನಲ್ಲಿ ಏನೋ ಒಂದು ಕರಕರ ಎಂದು ನಡೆಯುತ್ತಲೇ ಇತ್ತು.

ಮಣ್ಣು ಉದುರಿತು. ಎರಡು ಮೀಸೆ, ಆಮೇಲೆ ತೆಳು ರೆಕ್ಕೆ. ಹುಳ ಆಕೆಯ ಹೆಬ್ಬೆರಳು ಹತ್ತಿ ಅರೆಗಳಿಗೆ ಕೂತು, ಯಾರೂ ಕಲಿಸದಿದ್ದರೂ ಹಾರಿಹೋಯಿತು.

ಉಳಿದ ಮಣ್ಣನ್ನು ಊದಿ ಆಕೆ ಕೀಲಿ ತಿರುಗಿಸಿದಳು. ಬಾಗಿಲು ತೆರೆಯಿತು.

"ನಾನಿನ್ನು ಹೊರಡ್ಲಾ ಅಕ್ಕಾ?"

"ಇರಪ್ಪ, ಕಿಟಕಿನೂ ತೆಗೀಬೇಕು."