ಹಾರವಿಲ್ಲದ ಫೋಟೊ

ಅಂಚೆ ಕಚೇರಿಯಲ್ಲಿ ಅರಗು ಕರಗುವ ವಾಸನೆ ಬಂದರೆ ಇಂದಿಗೂ ನನಗೆ ಕುರ್ಲಾದ ನಮ್ಮ ಹೋಟೆಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಣ್ಣ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡು ತಿಂಗಳಾಗಿತ್ತು. ಆ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಲು ಅಪ್ಪಯ್ಯ ಒಂದು ತಗಡಿನ ಡಬ್ಬಿಯ ಮೇಲೆ 'ರಕ್ತದ ಕ್ಯಾನ್ಸರ್ ನೆರವಿಗಾಗಿ' ಎಂದು ಬರೆದು, ಅದಕ್ಕೆ ಅರಗಿನ ಮುದ್ರೆ ಹಾಕಿ ಗಲ್ಲಾದ ಮೇಲಿಟ್ಟರು. ಪಕ್ಕದಲ್ಲಿ ಅಣ್ಣನ ಫೋಟೊ ನಿಲ್ಲಿಸಿದರು.

"ಬರೀ ಫೋಟೊ ಇಡಬಾರದು. ಹಾರ ಕಟ್ಟಿ ತರ್ತೇನೆ," ಎಂದು ಅಮ್ಮ ಒಳಗೆ ಹೋದಳು.

ಹಾರ ಬೀಳುವವರೆಗೆ ಅಣ್ಣ ಪೂರ್ತಿ ಹೋಗಿಲ್ಲವೆಂದು ನಂಬಿದ್ದ ನಾನು, ಬೆವರಿದ ಅಂಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ, ಎರಡು ತಿಂಗಳ ರಜೆಗೆ ಧಾರವಾಡಕ್ಕೆ ಹೋಗಿ ಆಗಷ್ಟೇ ಮರಳಿದ್ದ, ನಮ್ಮ ಖಾಯಂ ಗಿರಾಕಿ ಗುಮಾಸ್ತರೊಬ್ಬರು ಕಾಫಿಗೆ ಬಂದರು. ಡಬ್ಬಿಯ ಮೇಲಿನ ಬರಹ ಓದಿ, ಚಿಲ್ಲರೆ ಹಾಕಿ, ಫೋಟೊ ನೋಡಿದರು.

"ಹುಡುಗಗ ಲಗೂನ ಆರಾಮ ಆಗಲಿರಿ. ನಮ್ಮಿಬ್ಬರ ಕೇರಂ ಆಟ ಅರ್ಧಕ್ಕ ನಿಂತದ ಅಂತ ಹೇಳ್ರಿ ಅವಗ."

ಅಪ್ಪಯ್ಯ ಗಲ್ಲಾದ ಚಿಲ್ಲರೆ ಎಣಿಸತೊಡಗಿದರು. ಬಾಗಿಲಲ್ಲಿ ಅಮ್ಮ ಹಾರ ಹಿಡಿದು ನಿಂತಿದ್ದಳು.

"ಹೇಳ್ತೇನೆ," ಎಂದಳು ಅಮ್ಮ.

ಅವರು ಹೋದ ಮೇಲೆ ಸ್ಟೂಲು ಹತ್ತಿ ಹಾರವನ್ನು ಗೋಡೆಯ ಮೇಲಿನ ಕೃಷ್ಣನ ಪಟಕ್ಕೆ ಹಾಕಲು ಹೋದಳು. ಅಣ್ಣನ ಅಳತೆಗೆ ಕಟ್ಟಿದ ಹಾರ ದೇವರಿಗೆ ಸಾಲಲಿಲ್ಲ.