ಕ್ಯಾಪ್ಟನಮ್ಮ ಏನಂದಳು?

"ಏನಂತಾಳೆ ಕ್ಯಾಪ್ಟನಮ್ಮ?" ಅಪ್ಪ ಟಿವಿಯಿಂದ ಕಣ್ಣು ಕೀಳದೆ ಕೇಳಿದ.

ತೆರೆಯ ಮೇಲೆ, ಆಕಾಶನೌಕೆಯ ಉದ್ದನೆಯ ಓಣಿಯಲ್ಲಿ ಕ್ಯಾಪ್ಟನ್ ಹೆಂಗಸು ಬೆನ್ನು ತಿರುಗಿಸಿ ನಿಂತಿದ್ದಳು. ಅವಳ ಗಂಡ, ಅದೇ ನೌಕೆಯ ಎಂಜಿನಿಯರು, ಹೆಗಲಿಗೆ ಚೀಲ ಏರಿಸಿಕೊಂಡು ಪುಟ್ಟದೊಂದು ನೌಕೆಯ ಬಾಗಿಲಲ್ಲಿದ್ದ. "ಇನ್ನು ನಿನ್ನ ಮುಖ ನೋಡಲಾರೆ, ಹೊರಟುಹೋಗು" ಎಂದು ಅವಳು ಇಂಗ್ಲಿಷಿನಲ್ಲಿ ಅಂದದ್ದು ಈಗಷ್ಟೇ.

"ಔಷಧಿ ತರೋಕೆ ಕಳಿಸ್ತಿದಾಳಪ್ಪ," ಎಂದಳು ಮಗಳು. "ಬೇಗ ಬಂದ್ಬಿಡು, ನೀನಿಲ್ದೆ ಈ ಎಂಜಿನ್ನು ನನ್ನ ಮಾತು ಕೇಳಲ್ಲ ಅಂತಿದಾಳೆ."

"ಹ್ಞೂ," ಎಂದ ಅಪ್ಪ. ಸೋಫಾದ ಇನ್ನೊಂದು ತುದಿಯಲ್ಲಿ ಅಮ್ಮ ಕ್ಯಾಪ್ಟನಮ್ಮನ ಬೆನ್ನನ್ನೇ ನೋಡುತ್ತಿದ್ದಳು.

ಇದು ಮೂವತ್ತನಾಲ್ಕನೆಯ ಕಂತು, ಕಟ್ಟಕಡೆಯದು. ಎಂಟು ತಿಂಗಳ ಹಿಂದೆ ಅಪ್ಪ ತನ್ನ ಲೇತ್ ಮೆಷಿನ್ನಿನ ವರ್ಕ್‌ಶಾಪಿನ ಹಿಂದೆ ಒಂದು ಕೋಣೆ ಹಿಡಿದು ಹೋದಾಗ, ವಿಚ್ಛೇದನದ ಕಾಗದವೂ ತಯಾರಾಗಿತ್ತು. ಕಾಲೇಜಿಗೆ ಆಗಷ್ಟೇ ಸೇರಿದ್ದ ಮಗಳು ಅತ್ತು ಕರೆದು ಮಾಡಲಿಲ್ಲ. "ಈ ಹಳೇ ಸೀರಿಯಲ್ಲು ಮೂವರೂ ಕೂತು ನೋಡೋಣ. ವಾರಕ್ಕೆ ಒಂದೇ ಕಂತು. ಮುಗಿದ ಮೇಲೆ ಬೇಕಾದ್ರೆ ಸಹಿ ಹಾಕಿ" ಎಂದಳು. ಅಪ್ಪ ಅಮ್ಮ ಹೂಂ ಅಂದರು. ಇಬ್ಬರಿಗೂ ಇಂಗ್ಲಿಷ್ ಬಾರದು. ಅವಳಿಗೆ ಬೇಕಾದದ್ದೂ ಅದೇ. ಟಿವಿಯಲ್ಲಿ ಗಂಡ ಹೆಂಡತಿ ಹಾವು ಮುಂಗುಸಿಯಂತೆ ಕಚ್ಚಾಡಿದರೆ, ಮಗಳ ಬಾಯಿಂದ ಅದು "ಊಟ ಮಾಡಿದ್ಯಾ? ಯಾಕೆ ಸೊರಗಿದೀಯ?" ಆಗಿ ಹೊರಬೀಳುತ್ತಿತ್ತು.

ಮೊದಲೆರಡು ಭಾನುವಾರ ಅವರು ದೂರದೂರದ ಕುರ್ಚಿಗಳಲ್ಲಿ ಬಿಗಿದುಕೊಂಡು ಕೂತಿದ್ದರು. ಆಮೇಲೆ ಎಂಜಿನಿಯರನಿಗೆ ಅಮ್ಮನೇ ಸ್ಪ್ಯಾನರ್ ರಾಯ ಎಂದು ಹೆಸರಿಟ್ಟಳು. ಅವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ಹಾಸಿಗೆಯ ಹೊದಿಕೆಗಳನ್ನು ಇಸ್ತ್ರಿ ಮಾಡುವವಳು. ಒಂದು ದಿನ ತಡೆಯಲಾರದೆ, "ಅಲ್ಲ, ಎಲ್ಲಾರೂ ಬಿಳೀ ಬಟ್ಟೇನೇ ಹಾಕ್ಕೊಂಡು ಮೆರೀತಾರಲ್ಲ, ಒಗೆಯೋರು ಯಾರು? ಒಂದು ಸಲಾನಾದ್ರೂ ಒಣಗಿಹಾಕಿದ್ದು ತೋರಿಸಿದಾರಾ?" ಎಂದಳು. "ಸೂರ್ಯ ಪಕ್ಕದ ಮನೇಲೇ ಇದಾನಲ್ಲ, ಹೊರಗೆ ಹಗ್ಗ ಕಟ್ಟಿರ್ತಾರೆ ಬಿಡು" ಎಂದ ಅಪ್ಪ. ಅಮ್ಮ ನಕ್ಕುಬಿಟ್ಟಳು. ಮಗಳು ಎದ್ದು ಅಡುಗೆಮನೆಗೆ ಹೋಗಿ, ಸುಮ್ಮನೆ ನಲ್ಲಿ ತಿರುಗಿಸಿ, ಬೀಳುವ ನೀರನ್ನು ನೋಡುತ್ತ ನಿಂತಿದ್ದಳು. ಮುಂದಿನ ವಾರದಿಂದ ಮೂವರೂ ಒಂದೇ ಸೋಫಾದಲ್ಲಿ.

ಈಗ ಪುಟ್ಟ ನೌಕೆ ಕಳಚಿಕೊಂಡು ಕತ್ತಲೆಯಲ್ಲಿ ಚುಕ್ಕೆಯಾಯಿತು. ಕ್ಯಾಪ್ಟನ್ ತಿರುಗಿಯೂ ನೋಡಲಿಲ್ಲ. ಹೆಸರುಗಳ ಪಟ್ಟಿ ಮೇಲೇರತೊಡಗಿತು.

"ವಾಪಸ್ ಬರ್ತಾನೆ," ಎಂದಳು ಮಗಳು ಅವಸರವಾಗಿ. "ಇದರದ್ದೇ ಎರಡನೇ ಭಾಗ ಇದೆಯಂತೆ. ಅದರಲ್ಲಿ ಬರ್ತಾನೆ."

"ಬರಲ್ಲ ಮಗಳೇ," ಎಂದ ಅಪ್ಪ. "ನಮ್ಮ ವರ್ಕ್‌ಶಾಪ್ ಫಿಟ್ಟರ್ ಮೊಬೈಲಲ್ಲಿ ಇದೇ ಸೀರಿಯಲ್ಲು ನಮ್ಮ ಭಾಷೇಲೇ ಮಾತಾಡುತ್ತೆ. ಊಟಕ್ಕೆ ಕೂತಾಗ ಪೂರ್ತಿ ನೋಡಿದೆ. ಔಷಧೀನೂ ಇಲ್ಲ, ಗೀಷಧೀನೂ ಇಲ್ಲ. ಅವಳು ಅವನನ್ನ ಹೊರಗೆ ಹಾಕಿದ್ಳು, ಅಷ್ಟೇ."

ಮಗಳ ಕಿವಿ ಕೆಂಪಾಯಿತು. "ಯಾವಾಗ ನೋಡಿದ್ದು?"

"ಆಯ್ತು, ಆರು ತಿಂಗಳಾಯ್ತು."

ಅವಳು ಅಮ್ಮನ ಕಡೆ ತಿರುಗಿದಳು.

"ನಂಗ್ಯಾಕೆ ಮೊಬೈಲು?" ಎಂದಳು ಅಮ್ಮ. "ಆ ಹೆಂಗಸಿನ ಮುಖ ಸಾಲ್ದಾ? ಹದಿನೆಂಟು ವರ್ಷ ಅದೇ ಮುಖ ಹೊತ್ಕೊಂಡು ಓಡಾಡಿದೀನಿ. ಊಟ ಆಯ್ತಾ ಅಂತ ಕೇಳೋ ಮುಖಾನಾ ಅದು?"

"ಮತ್ತೆ ಯಾಕೆ ಕೂತಿದ್ರಿ? ಯಾಕೆ ನಗ್ತಿದ್ರಿ ಇಬ್ರೂ?"

ಉತ್ತರ ಹೇಳುವವರು ಯಾರು ಎಂಬಂತೆ ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೀನು ಹೇಳ್ತಿದ್ದ ಕಥೆ ಚೆನ್ನಾಗಿತ್ತು ಕಣಮ್ಮ," ಎಂದ ಅಪ್ಪ. "ಅವರಿಗಿಂತ ನಿನ್ನೋರೇ ಒಳ್ಳೆಯೋರು."

"ಒಂದಿನ ಇವರು ಚಪ್ಪಲಿ ಮೆಟ್ಕೊಳ್ಳುವಾಗ ಬಾಗಿಲಲ್ಲೇ ಮಾತಾಡ್ಕೊಂಡ್ವಿ," ಎಂದಳು ಅಮ್ಮ. "ಪಾಪ ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದೆ ಮಗು, ಮುಗಿಯೋತನಕ ಬಾಯಿ ಬಿಡೋದು ಬೇಡ ಅಂತ. ಮದುವೆ ಆದಾಗಿನಿಂದ ಜಗಳ ಇಲ್ದೆ ನಾವಿಬ್ರೂ ಸೇರಿ ಮಾಡಿದ ಕೆಲಸ ಇದೊಂದೇ ನೋಡು."

"ಹಾಗಾದ್ರೆ ಇನ್ನೊಂದು ಸೀರಿಯಲ್ಲು ಹುಡುಕ್ತೀನಿ," ಎಂದಳು ಮಗಳು. "ಇದಕ್ಕಿಂತ ಉದ್ದದ್ದು. ನೂರು ಕಂತಿಂದು."

ಅಪ್ಪ ಎದ್ದು ಟಿವಿ ಆರಿಸಿದ. ಅಂಗಿಯೊಳಗೆ ಮಡಚಿಟ್ಟುಕೊಂಡು ಬಂದಿದ್ದ ವಕೀಲರ ಕಾಗದವನ್ನು ಹೊರತೆಗೆದು, ಎಣ್ಣೆಯ ಕರೆ ಹೋಗದ ಬೆರಳುಗಳಿಂದ ಅದರ ಮಡಿಕೆ ಸರಿಮಾಡಿ, ಮಗಳ ತೊಡೆಯ ಮೇಲಿಟ್ಟ. ಏಳು ಪುಟ, ಒತ್ತೊತ್ತಾದ ಇಂಗ್ಲಿಷ್. ಆಚೆ ಅಪ್ಪ, ಈಚೆ ಅಮ್ಮ, ಇಬ್ಬರೂ ಈಚಿನ ಭಾನುವಾರಗಳಂತೆ ಅವಳಿಗೆ ಒತ್ತಿಕೊಂಡು ಕೂತರು, ಅವಳ ಬಾಯಿಯನ್ನೇ ನೋಡುತ್ತ.

"ಓದಿ ಹೇಳಮ್ಮ," ಎಂದಳು ಅಮ್ಮ. "ಇದನ್ನಾದ್ರೂ ಇದ್ದದ್ದು ಇದ್ದ ಹಾಗೆ."